ಹಳೆ ಇನ್ನೋವಾ: ಎಡ ಮುಂದಿನ ಗ್ಲಾಸ್ ಡೋರ್ ಒಳಗೆ ಕುಸಿದಿದೆ, ಪವರ್ ವಿಂಡೋ ರೆಗ್ಯುಲೇಟರ್ (ಗ್ಲಾಸ್ ಏರಿಸಿ ಇಳಿಸುವ ಸಾಧನ) ಮನೆಯಲ್ಲೇ ಬದಲಿಸಬಹುದಾ?

ತುಂಗಾತೀರ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ನಮ್ಮದು 2010ರ ಇನ್ನೋವಾ ವಿ, ಡೀಸೆಲ್. ಹೊಸದಾಗಿ ತಂದಾಗಿನಿಂದ ಮನೆಯಲ್ಲೇ ಇದೆ. ಈಚೆಗೆ ಎಫ್‌ಸಿ ಮಾಡಿಸಿ ಆರ್‌ಸಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಿದ್ದೇವೆ. ಮಾರುವ ಯೋಚನೆ ಇಲ್ಲ, ಹಾಗಾಗಿ ಕೆಲಸ ಸರಿಯಾಗಿ ಆಗಬೇಕು.

ಎಡಗಡೆ ಮುಂದಿನ ಗ್ಲಾಸ್ ಕೆಲವು ತಿಂಗಳಿಂದ ನಿಧಾನ ಆಗಿತ್ತು. ಮೇಲೆ ಬರುವಾಗ ಹಿಂದಿನ ಮೂಲೆ ಮೊದಲು ಮುಟ್ಟುತ್ತಿತ್ತು, ಮುಂದಿನ ಮೂಲೆ ಆಮೇಲೆ. ನಡುವೆ ಟಕ್ ಟಕ್ ಸದ್ದು. ಮೊನ್ನೆ ಶಿವಮೊಗ್ಗದಿಂದ ವಾಪಸ್ ಬರುವಾಗ ಇಳಿಸಿದ ಗ್ಲಾಸ್ ಮತ್ತೆ ಏರಲಿಲ್ಲ. ಸ್ವಿಚ್ ಒತ್ತಿದರೆ ಒಳಗೆ ಮೋಟಾರ್ ಗುಂಯ್ ಅನ್ನುತ್ತದೆ. ಕೈಯಲ್ಲಿ ಎಳೆದರೆ ಗ್ಲಾಸ್ ಸೊಟ್ಟಗೆ ಅರ್ಧ ಬಂದು ಮತ್ತೆ ಜಾರುತ್ತದೆ.

ಒಬ್ಬ ಮೆಕ್ಯಾನಿಕ್ ಪೂರ್ತಿ ಸೆಟ್ ಹೋಗಿದೆ ಅಂದರು. ಇನ್ನೊಬ್ಬರು ಮೋಟಾರ್ ಮಾತ್ರ ಅಂದರು. ಇಬ್ಬರೂ ಡೋರ್ ಬಿಚ್ಚಿ ನೋಡಲಿಲ್ಲ. ಮಳೆಗಾಲ ಹತ್ತಿರ ಬಂತು, ಸದ್ಯಕ್ಕೆ ಪ್ಲಾಸ್ಟಿಕ್ ಅಂಟಿಸಿಕೊಂಡು ಓಡಿಸುತ್ತಿದ್ದೇವೆ. ಸಾಕೆಟ್ ಸೆಟ್, ಮಲ್ಟಿಮೀಟರ್ ಮನೆಯಲ್ಲಿವೆ, ತಮ್ಮ ಕೈ ಜೋಡಿಸುತ್ತಾನೆ. ಎಲ್ಲಿಂದ ಶುರು ಮಾಡಲಿ?

ವೈರಿಂಗ್ ರಾಯರು (ಹುಬ್ಬಳ್ಳಿ)

ಡೋರ್ ಪ್ಯಾಡ್ (ಡೋರ್‌ನ ಒಳಬದಿಯ ಹೊದಿಕೆ) ಬಿಚ್ಚುವ ಮೊದಲೇ ಅರ್ಧ ಉತ್ತರ ಸಿಗುತ್ತದೆ ಸರ್. ಕಿವಿಗೊಟ್ಟು ಕೇಳಬೇಕು ಅಷ್ಟೇ.

ಸ್ವಿಚ್ ಒತ್ತಿದಾಗ ಏನೂ ಸದ್ದು ಬರದಿದ್ದರೆ ಕರೆಂಟ್ ಬರುವ ದಾರಿ ಹುಡುಕಬೇಕು. ಫ್ಯೂಸ್, ಸ್ವಿಚ್, ಮತ್ತೆ ಡೋರ್‌ಗೂ ಬಾಡಿಗೂ ನಡುವೆ ರಬ್ಬರ್ ಕೊಳವೆಯೊಳಗೆ ಹೋಗುವ ವೈರ್. ಹಳೆ ಗಾಡಿಗಳಲ್ಲಿ ಬಾಗಿಲು ತೆಗೆದು ಹಾಕಿ ಆ ಜಾಗದಲ್ಲೇ ವೈರ್ ತುಂಡಾಗುತ್ತದೆ, ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಟಕ್ ಅಂದು ನಿಂತುಬಿಟ್ಟರೆ ಕರೆಂಟ್ ಬರುತ್ತಿದೆ, ಮೋಟಾರಿಗೆ ತಿರುಗಲು ಆಗುತ್ತಿಲ್ಲ ಎಂದು ಅರ್ಥ. ಗ್ಲಾಸ್ ಜಾಮ್ ಆಗಿರಬಹುದು, ಇಲ್ಲವೇ ಮೋಟಾರೇ ಸೋತಿರಬಹುದು. ನಿಮ್ಮ ಹಾಗೆ ಮೋಟಾರ್ ಗುಂಯ್ ಅಂತ ಆರಾಮವಾಗಿ ತಿರುಗಿ, ಗ್ಲಾಸ್ ಮಾತ್ರ ಅಲುಗದಿದ್ದರೆ ಕರೆಂಟಿನ ಕಡೆ ಹೋಗಲೇಬೇಡಿ. ಮೋಟಾರಿನ ಹಲ್ಲು ಹೋಗಿದೆ, ಇಲ್ಲಾ ರೆಗ್ಯುಲೇಟರಿನ ಕೈ ಗ್ಲಾಸ್ ಬಿಟ್ಟು ಕಳಚಿಕೊಂಡಿದೆ. ಗ್ಲಾಸ್ ಸೊಟ್ಟಗೆ ಏರುತ್ತಿತ್ತು ಅಂದಿರಿ ಅಲ್ವಾ, ಆದ್ದರಿಂದ ನನ್ನ ಅನುಮಾನ ಎರಡನೆಯದರ ಮೇಲೆ.

ಸದ್ದು ಸರಿಯಾಗಿ ಕೇಳಿಸದವರಿಗೆ ಇನ್ನೊಂದು ದಾರಿ ಇದೆ. ಎಂಜಿನ್ ಆಫ್ ಇರಲಿ, ಕೀ ಆನ್ ಮಾಡಿ, ಒಳಗಿನ ಲೈಟ್ ಹಾಕಿ ಸ್ವಿಚ್ ಒತ್ತಿ. ಲೈಟ್ ಒಂಚೂರು ಮಂಕಾದರೆ ಮೋಟಾರ್ ಕರೆಂಟ್ ಎಳೆಯುತ್ತಿದೆ. ಎಡ ಡೋರ್‌ನ ಸ್ವಿಚ್ಚು, ಡ್ರೈವರ್ ಪಕ್ಕದ ಮೇನ್ ಸ್ವಿಚ್ಚು, ಎರಡರಲ್ಲೂ ಒತ್ತಿ ನೋಡಿ. ಮೇನ್ ಸ್ವಿಚ್‌ನಲ್ಲಿರುವ ವಿಂಡೋ ಲಾಕ್ ಬಟನ್ ಒತ್ತಿ ಕೂತಿದೆಯಾ ಅಂತಲೂ ನೋಡಿ. ಅದೊಂದನ್ನು ನೋಡದೆ ಡೋರ್ ಬಿಚ್ಚುವವರು ತುಂಬಾ ಜನ.

ಪದೇ ಪದೇ ಸ್ವಿಚ್ ಒತ್ತಬೇಡಿ. ಸಾಮಾನ್ಯವಾಗಿ ಈ ಮೋಟಾರುಗಳ ಒಳಗೆ ಬಿಸಿಯಾದರೆ ಕರೆಂಟ್ ತಡೆಯುವ ಕಟೌಟ್ ಇರುತ್ತದೆ. ಅದು ಬಿದ್ದರೆ ಒಳ್ಳೆ ಮೋಟಾರೂ ಸ್ವಲ್ಪ ಹೊತ್ತು ಸತ್ತಂತೆ ಇರುತ್ತದೆ. ಆಗ ಇಲ್ಲದ ದೋಷ ಹುಡುಕುತ್ತಾ ಕೂರುತ್ತೀರಿ.

ಬಸವನಗುಡಿ ಡ್ರೈವರ್

ಇಷ್ಟೆಲ್ಲ ಯಾಕೆ ಸರ್? ಬೆಂಗಳೂರಿಗೆ ಬಂದಾಗ ಜೆ.ಸಿ. ರೋಡ್‌ನಲ್ಲಿ ಮೋಟಾರ್ ಸಮೇತ ಸೆಟ್ ತಗೊಂಡು ಹೋಗಿ. ಹಳೆಯದನ್ನು ತೆಗೆದು ಹೊಸದು ಹಾಕಿದರೆ ಆಯ್ತು. ಚಾಸಿ ನಂಬರ್ ಬರೆದುಕೊಂಡು ಬನ್ನಿ. ಮೊದಲ ಇನ್ನೋವಾ 2005ರಲ್ಲಿ ಬಂತು, 2016ರಲ್ಲಿ ಕ್ರಿಸ್ಟಾ ಬರುವವರೆಗೆ ಅದೇ ಓಡಿತು. ನಡುವೆ ಸುಮಾರು ಬದಲಾವಣೆ ಆಗಿವೆ. ಬರೀ 'ಇನ್ನೋವಾ' ಅಂದರೆ ಅಂಗಡಿಯವರು ಕೈಗೆ ಸಿಕ್ಕಿದ್ದು ಕೊಡುತ್ತಾರೆ. ಸಾಧ್ಯವಾದರೆ ಹಳೆಯದನ್ನು ಬಿಚ್ಚಿ ಕೈಯಲ್ಲೇ ಹಿಡಿದುಕೊಂಡು ಬನ್ನಿ. ಬೋಲ್ಟ್ ತೂತುಗಳು, ಕನೆಕ್ಟರ್ ಎರಡನ್ನೂ ಕೌಂಟರ್ ಮೇಲೇ ಇಟ್ಟು ಹೋಲಿಸಬಹುದು.

ಗ್ಯಾರೇಜ್ ಮನೆಮಗಳು (ತುಮಕೂರು)

ಬಸವನಗುಡಿ ಅಣ್ಣ ಹೇಳಿದ್ದು ಪಾರ್ಟ್ ತರುವ ಮಟ್ಟಿಗೆ ಸರಿ. ಆದರೆ ಹಳೆಯದು ತೆಗೆದು ಹೊಸದು ಹಾಕಿದರೆ ಆಯ್ತು ಅನ್ನುವುದನ್ನು ನಾನು ಒಪ್ಪಲ್ಲ. ನಮ್ಮಪ್ಪನ ಗ್ಯಾರೇಜಿಗೆ ಬರುವ ಹಳೆ ಗಾಡಿಗಳಲ್ಲಿ ರೆಗ್ಯುಲೇಟರ್ ಬದಲಿಸಿ ಸ್ವಲ್ಪ ದಿನಕ್ಕೇ ಮತ್ತೆ ನಿಧಾನ ಆಗಿದೆ ಎಂದು ವಾಪಸ್ ಬರುವವು ಇರುತ್ತವೆ. ಅವುಗಳಲ್ಲಿ ಎಲ್ಲೋ ಒಂದೆರಡರಲ್ಲಿ ಪಾರ್ಟ್ ಕೆಟ್ಟದ್ದಿರುತ್ತದೆ. ಉಳಿದದ್ದರಲ್ಲಿ ಗ್ಲಾಸ್ ಓಡುವ ಚಾನಲ್ ರಬ್ಬರ್ ಗಟ್ಟಿಯಾಗಿರುತ್ತದೆ. ಯಾರೂ ಅದನ್ನು ಮುಟ್ಟಿಯೇ ಇರುವುದಿಲ್ಲ.

ಗ್ಲಾಸಿನ ಎರಡು ಪಕ್ಕ ಮತ್ತು ಮೇಲೆ ಯು ಆಕಾರದ ರಬ್ಬರ್ ಇರುತ್ತದಲ್ಲ, ಅದರ ಒಳಗೋಡೆಗೆ ಮೊದಲು ನುಣುಪಾದ ಪದರ ಇರುತ್ತದೆ. ಹತ್ತು ಹದಿನೈದು ವರ್ಷ ಬಿಸಿಲು ಮಳೆ ತಿಂದ ಮೇಲೆ ಆ ಪದರ ಹೋಗುತ್ತದೆ. ಧೂಳು ಮೆತ್ತುತ್ತದೆ. ಆಮೇಲೆ ಗ್ಲಾಸ್ ಜಾರುವುದಿಲ್ಲ, ಉಜ್ಜಿಕೊಂಡು ಏರುತ್ತದೆ. ಆ ಭಾರ ಪೂರ್ತಿ ಬೀಳುವುದು ರೆಗ್ಯುಲೇಟರಿನ ಪ್ಲಾಸ್ಟಿಕ್ ರೋಲರ್ ಮೇಲೆ, ಗೇರಿನ ಹಲ್ಲಿನ ಮೇಲೆ, ಮೋಟಾರಿನ ಮೇಲೆ. ಮೊದಲು ಸೋಲುವುದು ಇವು, ಸೋಲಿಸಿದ್ದು ರಬ್ಬರ್. ಅದನ್ನು ಹಾಗೇ ಬಿಟ್ಟು ಹೊಸ ರೆಗ್ಯುಲೇಟರ್ ಹಾಕಿದರೆ ಹೊಸದಕ್ಕೂ ಅದೇ ಗತಿ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ನಿಮ್ಮ ಮುಂದಿನ ಡೋರ್‌ನಲ್ಲಿ ಇರುವುದು ಕತ್ತರಿ ಮಾದರಿಯ ರೆಗ್ಯುಲೇಟರ್. ಎರಡು ಉಕ್ಕಿನ ಕೈಗಳು ನಡುವೆ ಒಂದನ್ನೊಂದು ದಾಟುತ್ತವೆ. ಒಂದರ ಬುಡದಲ್ಲಿ ಬೀಸಣಿಗೆ ಆಕಾರದ ಹಲ್ಲಿನ ತಗಡು ಇದೆ, ಮೋಟಾರಿನ ಸಣ್ಣ ಗೇರ್ ಅದನ್ನು ತಿರುಗಿಸುತ್ತದೆ. ಗ್ಲಾಸಿನ ಭಾರ ಕಡಿಮೆ ಮಾಡಲು ಸುರುಳಿ ಸ್ಪ್ರಿಂಗ್ ಒಂದನ್ನು ಬಿಗಿಯಾಗಿ ಸುತ್ತಿಟ್ಟಿರುತ್ತಾರೆ. ಸ್ಪ್ರಿಂಗನ್ನು ಹಿಡಿದು ನಿಲ್ಲಿಸಿರುವುದು ಮೋಟಾರಿನ ಗೇರ್. ಮೋಟಾರಿನ ಸ್ಕ್ರೂಗಳನ್ನು ಬಿಚ್ಚಿದ ಕ್ಷಣ ಸ್ಪ್ರಿಂಗ್ ಬಿಟ್ಟುಕೊಂಡು ಕೈಗಳು ಕತ್ತರಿಯಂತೆಯೇ ಮುಚ್ಚುತ್ತವೆ. ನಡುವೆ ಬೆರಳು ಸಿಕ್ಕಿದರೆ ಬೆರಳು ಹೋಗುತ್ತದೆ. ಮೋಟಾರ್ ಸಮೇತ ಇಡೀ ರೆಗ್ಯುಲೇಟರನ್ನು ಹೊರಗೆ ತೆಗೆಯಿರಿ. ಹಲ್ಲಿನ ತಗಡನ್ನೂ ಹಿಂದಿನ ಪ್ಲೇಟನ್ನೂ ಸೇರಿಸಿ ವೈಸ್‌ನಲ್ಲಿ (ಮೇಜಿಗೆ ಕೂರಿಸಿದ ಬಿಗಿಹಿಡಿಕೆ) ಬಿಗಿಯಿರಿ, ಅಥವಾ ಎರಡರ ಮೂಲಕ ಗಟ್ಟಿ ಬೋಲ್ಟ್ ಹಾಕಿ ನಟ್ ಕಟ್ಟಿ. ಆಮೇಲೆ ಮಾತ್ರ ಮೋಟಾರಿಗೆ ಕೈ ಹಾಕಿ.

ಮಿಶಿಗನ್ ಮೈಸೂರಿಗ

ಇಲ್ಲಿನ ಮಿನಿವ್ಯಾನ್‌ಗಳಲ್ಲಿ ಹೆಚ್ಚಿಗೆ ನೋಡುವುದು ಕೇಬಲ್ ಮಾದರಿ. ಒಂದು ಕಂಬಿ, ಅದರ ಮೇಲೆ ಓಡುವ ಪ್ಲಾಸ್ಟಿಕ್ ತುಂಡು, ಅದನ್ನು ಎಳೆಯುವ ಸಣ್ಣ ಉಕ್ಕಿನ ಹಗ್ಗ. ಇದರಲ್ಲಿ ಆ ಪ್ಲಾಸ್ಟಿಕ್ ಮುರಿಯುತ್ತದೆ, ಇಲ್ಲವೇ ಹಗ್ಗದ ಎಳೆ ಬಿಚ್ಚಿ ರಾಟೆಗೆ ಸಿಕ್ಕಿಕೊಂಡು ಕರಕರ ಅನ್ನುತ್ತದೆ. ರಿಪೇರಿ ಪ್ರಯತ್ನಿಸಿ ಪ್ರಯೋಜನ ಇಲ್ಲ, ಪೂರ್ತಿ ಬದಲಿಸುವುದೇ ಸರಿ. ಮೈನಸ್ 20 ಡಿಗ್ರಿಯ ಬೆಳಿಗ್ಗೆ ಗ್ಲಾಸ್ ರಬ್ಬರಿಗೆ ಹಿಮಗಟ್ಟಿ ಅಂಟಿರುತ್ತದೆ. ಅದು ಬಿಡುವ ಮೊದಲೇ ಸ್ವಿಚ್ ಒತ್ತಿದರೆ ಮುರಿಯುವುದು ರೆಗ್ಯುಲೇಟರ್. ತುಮಕೂರು ಅಕ್ಕ ಹೇಳಿದ್ದೇ ಮಾತು ಇಲ್ಲಿಗೂ ಸಲ್ಲುತ್ತದೆ: ಗ್ಲಾಸಿಗೆ ತಡೆ ಎಲ್ಲಿದೆಯೋ ಅಲ್ಲಿ ನೋಡಬೇಕು.

ಇಲ್ಲಿನ ದೊಡ್ಡ ವ್ಯಾನ್‌ಗಳಲ್ಲಿ ರೆಗ್ಯುಲೇಟರನ್ನು ಬೋಲ್ಟ್ ಬದಲು ರಿವೆಟ್ ಹೊಡೆದು ಕೂರಿಸಿರುವುದೂ ಉಂಟು. ಡ್ರಿಲ್‌ನಿಂದ ರಿವೆಟ್ ತಲೆ ತೆಗೆದು, ಆ ಜಾಗಕ್ಕೆ ನಟ್ ಬೋಲ್ಟ್ ಹಾಕಿ ಲಾಕ್ ವಾಷರ್ ಕೊಡುತ್ತೇವೆ. ಇನ್ನೋವಾದಲ್ಲಿ ಆ ತಲೆನೋವಿಲ್ಲ.

ಅಮೆರಿಕದ ವಿಡಿಯೋ ನೋಡಿ ಕೆಲಸ ಮಾಡುವವರಿಗೆ ಒಂದು ಎಚ್ಚರಿಕೆ. ಅವರು 'ಡ್ರೈವರ್ ಸೈಡ್' ಅಂದರೆ ಎಡಗಡೆ. ನಮ್ಮೂರಲ್ಲಿ ಬಲಗಡೆ. ಆನ್‌ಲೈನ್‌ನಲ್ಲಿ ಪಾರ್ಟ್ ತರಿಸುವಾಗ ಡ್ರೈವರ್, ಪ್ಯಾಸೆಂಜರ್ ಎಂಬ ಮಾತನ್ನೇ ನಂಬಬೇಡಿ. ಸೀಟಿನಲ್ಲಿ ಮುಂದೆ ನೋಡಿಕೊಂಡು ಕೂತಾಗ ಎಡ ಯಾವುದು, ಬಲ ಯಾವುದು ಅಂತ ನೋಡಿ ಎಲ್‌ಎಚ್, ಆರ್‌ಎಚ್ ಗುರುತು ಹೊಂದಿಸಿಕೊಳ್ಳಿ.

ತುಂಗಾತೀರ (ತೀರ್ಥಹಳ್ಳಿ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ತಮ್ಮನ ಜೊತೆ ಡೋರ್ ಬಿಚ್ಚಿದೆ. ರಾಯರ ಅನುಮಾನ ನಿಜವಾಯ್ತು.

ಗ್ಲಾಸಿಗೆ ಬೋಲ್ಟ್ ಆಗಿರುವ ಕಬ್ಬಿಣದ ಪಟ್ಟಿಯೊಳಗೆ ಓಡಬೇಕಿದ್ದ ಪ್ಲಾಸ್ಟಿಕ್ ರೋಲರ್ ಎರಡು ಹೋಳಾಗಿ ಡೋರ್ ತಳದಲ್ಲಿ ಬಿದ್ದಿತ್ತು. ರೋಲರ್ ಇಲ್ಲದ ಮೇಲೂ ಕೈಯ ಬರಿ ಕಬ್ಬಿಣದ ಮೊಳೆ ಪಟ್ಟಿಯೊಳಗೆ ಸ್ವಲ್ಪ ಕಾಲ ಉಜ್ಜಾಡಿದೆ ಅನಿಸುತ್ತೆ. ಪಟ್ಟಿಯ ಅಂಚು ಒಂದು ಕಡೆ ಬೆಳ್ಳಗೆ ಹೊಳೆಯುವಷ್ಟು ಸವೆದು, ಬಾಯಿ ಅಗಲವಾಗಿದೆ. ಆ ಬಾಯಿಯಿಂದಲೇ ಮೊಳೆ ಆಚೆ ಬಂದಿದೆ. ಕೊನೆಗೆ ಕೈ ಮಾತ್ರ ಮೇಲೆ ಕೆಳಗೆ ಆಡುತ್ತಿತ್ತು, ಗ್ಲಾಸ್ ಇದ್ದಲ್ಲೇ ಇತ್ತು. ಬೀಸಣಿಗೆ ತಗಡಿನ ಕೊನೆಯ ಕೆಲವು ಹಲ್ಲುಗಳೂ ಚೂಪಾಗಿವೆ. ಮೋಟಾರಿಗೆ ಬ್ಯಾಟರಿಯಿಂದ ನೇರ ವೈರ್ ಕೊಟ್ಟು ನೋಡಿದೆವು, ಎರಡೂ ಕಡೆ ಚೆನ್ನಾಗಿ ತಿರುಗುತ್ತದೆ.

ಇನ್ನು ಚಾನಲ್ ರಬ್ಬರ್. ಅಕ್ಕ, ನೀವು ಹೇಳದಿದ್ದರೆ ನಾನು ಅದನ್ನು ನೋಡುತ್ತಲೇ ಇರಲಿಲ್ಲ. ಮುಂದಿನ ಬದಿಯ ರಬ್ಬರ್ ಒಣಗಿದ ಅಡಿಕೆ ಹಾಳೆ ಹಾಗೆ ಗಟ್ಟಿಯಾಗಿದೆ. ಉಗುರಿನಿಂದ ಒತ್ತಿದರೂ ತಗ್ಗುವುದಿಲ್ಲ. ಒಳಗೆ ಕೆಂಪು ಮಣ್ಣು ಪದರ ಪದರವಾಗಿ ಕೂತಿದೆ. ಹಿಂದಿನ ಬದಿ ಪರವಾಗಿಲ್ಲ, ಮೆತ್ತಗಿದೆ. ಹಿಂದಿನ ಮೂಲೆ ಮೊದಲು ಏರಿ ಮುಂದಿನದು ತಡವಾಗುತ್ತಿದ್ದದ್ದು ಇದಕ್ಕೇ ಅಲ್ವಾ?

ಈಗ ಪೂರ್ತಿ ರೆಗ್ಯುಲೇಟರ್ ತರಲೇಬೇಕಾ, ರೋಲರ್ ಒಂದನ್ನು ಹಾಕಿಸಿದರೆ ಸಾಕಾ?

ಕೋಲಾರ ಟೂರ್ಸ್

ಅಣ್ಣಾ, ನಮ್ಮ ಟ್ಯಾಕ್ಸಿಯಲ್ಲಿ ರೋಲರ್ ಹೋದಾಗ ಲೇತ್ ಅಂಗಡಿಯಲ್ಲಿ ನೈಲಾನ್ ರಾಡ್‌ನಿಂದ ಅದೇ ಅಳತೆಗೆ ಮಾಡಿಸಿ ಹಾಕಿದ್ದೆ. ಖರ್ಚು ಏನೂ ಇಲ್ಲ ಅನ್ನಬಹುದು. ಇವತ್ತಿಗೂ ಓಡುತ್ತಿದೆ. ಒಂದು ಸಣ್ಣ ಪ್ಲಾಸ್ಟಿಕ್ಕಿಗೋಸ್ಕರ ಇಡೀ ಸೆಟ್ ಯಾಕೆ ಎಸೆಯಬೇಕು? ಅಥವಾ ಶಿವಾಜಿನಗರ ಗುಜರಿಯಲ್ಲಿ ಒರಿಜಿನಲ್ ಸೆಕೆಂಡ್ ಹ್ಯಾಂಡ್ ಹುಡುಕಿ. ಹೊಸ ಲೋಕಲ್‌ಗಿಂತ ಹಳೆ ಒರಿಜಿನಲ್ ಮೇಲು ಅನ್ನುವವನು ನಾನು.

ಗ್ಯಾರೇಜ್ ಮನೆಮಗಳು (ತುಮಕೂರು)

ಕೋಲಾರ ಅಣ್ಣನ ಕೆಲಸ ನನಗೆ ಇಷ್ಟವಾಯ್ತು. ರೋಲರ್ ಒಂದೇ ಹೋಗಿದ್ದು, ಪಟ್ಟಿ, ಹಲ್ಲು, ನಡುವಿನ ರಿವೆಟ್ ಗಟ್ಟಿ ಇದ್ದರೆ ಲೇತ್ ರೋಲರ್ ಖಂಡಿತ ಸಾಕು. ಆದರೆ ತೀರ್ಥಹಳ್ಳಿಯವರ ಪಟ್ಟಿಯ ಬಾಯಿ ಅಗಲವಾಗಿದೆ, ಹಲ್ಲೂ ಸವೆದಿದೆ. ಅಲ್ಲಿ ಹೊಸ ರೋಲರ್ ಹಾಕಿದರೆ ಮತ್ತೆ ಅದೇ ಬಾಯಿಯಿಂದ ಆಚೆ ಬರುತ್ತದೆ. ಇವರು ರೆಗ್ಯುಲೇಟರ್ ಬದಲಿಸಲಿ. ಮೋಟಾರ್ ಚೆನ್ನಾಗಿದೆ, ಅದನ್ನೇ ಉಳಿಸಿಕೊಳ್ಳಲಿ. ಹಳೆಯದರಿಂದ ಮೋಟಾರ್ ಬಿಚ್ಚಿ ಹೊಸದಕ್ಕೆ ಹಾಕುವಾಗ ವೈಸ್ ಮರೆಯಬೇಡಿ ಅಷ್ಟೇ.

ಗುಜರಿಯಲ್ಲಿ ತಗೊಳ್ಳುವವರು ಮೂರು ಜಾಗ ನೋಡಿ. ಎರಡು ಕೈ ದಾಟುವ ರಿವೆಟ್ ಹಿಡಿದು ಅಲುಗಾಡಿಸಿ, ಸಡಿಲ ಇದ್ದರೆ ಬೇಡ. ಹಲ್ಲಿನ ತಗಡನ್ನು ಕೊನೆಯವರೆಗೂ ನೋಡಿ, ನಡುವಿನ ಹಲ್ಲುಗಳು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತವೆ, ಪೆಟ್ಟು ಬೀಳುವುದು ತುದಿಗೆ. ಆಮೇಲೆ ರೋಲರುಗಳನ್ನು ಬೆರಳಲ್ಲಿ ತಿರುಗಿಸಿ. ಲೋಕಲ್ ಹೊಸದನ್ನು ತಗೊಂಡರೆ ಹಳೆಯದರ ಪಕ್ಕ ಇಟ್ಟು ತಗಡಿನ ದಪ್ಪ ಹೋಲಿಸಿ. ತೆಳು ತಗಡಿನದು ಭಾರ ಬಿದ್ದಾಗ ಬಾಗುತ್ತದೆ, ಗ್ಲಾಸ್ ಮತ್ತೆ ಸೊಟ್ಟಗಾಗುತ್ತದೆ.

ಮುಂದಿನ ಚಾನಲ್ ರಬ್ಬರ್ ಹೊಸದು ತನ್ನಿ. ಅದರಲ್ಲಿ ಉಳಿತಾಯ ಮಾಡಬೇಡಿ. ಹಿಂದಿನ ಬದಿಯದನ್ನು ಸೋಪು ನೀರು, ಹಳೆ ಟೂತ್‌ಬ್ರಷ್ ಹಾಕಿ ತೊಳೆದು, ಪೂರ್ತಿ ಒಣಗಿಸಿ, ಸಿಲಿಕೋನ್ ಸ್ಪ್ರೇ ಹೊಡೆಯಿರಿ. ರಬ್ಬರಿಗೆ ಎಂಜಿನ್ ಆಯಿಲ್, ಸೀಮೆಎಣ್ಣೆ, ಗ್ರೀಸ್ ಹಚ್ಚಬೇಡಿ, ರಬ್ಬರ್ ಊದಿಕೊಂಡು ಹಾಳಾಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ, ಎರಡು ದಿನ ಚೆನ್ನಾಗಿರುತ್ತದೆ, ಆಮೇಲೆ ರಸ್ತೆ ಧೂಳೆಲ್ಲ ಅದಕ್ಕೇ ಅಂಟುತ್ತದೆ. ಗ್ರೀಸ್ ಬೇಕಾದದ್ದು ಹಲ್ಲಿಗೆ, ರಿವೆಟ್ಟಿಗೆ, ರೋಲರ್ ಓಡುವ ಪಟ್ಟಿಗೆ ಮಾತ್ರ.

ಸಂಶಯಪಿಶಾಚಿ ಅಲ್ಲ (ದಾವಣಗೆರೆ)

ನನ್ನದೂ ಇದೇ ತರ ಗಾಡಿ, ಇದೇ ತೊಂದರೆ. ಬಿಚ್ಚಿದ ಕ್ರಮವನ್ನು ಯಾರಾದರೂ ಒಂದು ಕಡೆ ಬರೆಯುತ್ತೀರಾ? ಡೋರ್ ಪ್ಯಾಡ್ ಮುರಿಯುತ್ತದೆ ಅನ್ನೋದೇ ನನ್ನ ಹೆದರಿಕೆ.

ತುಂಗಾತೀರ (ತೀರ್ಥಹಳ್ಳಿ)

ನಾವು ಮಾಡಿದ್ದು ಬರೆಯುತ್ತೇನೆ. ಪಾರ್ಟ್ ಬಂತು, ಕೆಲಸ ಮುಗಿಯಿತು. ಗ್ಲಾಸ್ ಈಗ ಓಡುತ್ತಿದೆ.

ಮೊದಲು ಡೋರ್ ಪ್ಯಾಡ್. ಒಳಗಿನ ಹ್ಯಾಂಡಲ್ ಹಿಂದೆ, ಎಳೆಯುವ ಹಿಡಿಯ ಒಳಗೆ ಸ್ಕ್ರೂಗಳು ಅಡಗಿರುತ್ತವೆ, ಮೇಲೆ ಸಣ್ಣ ಪ್ಲಾಸ್ಟಿಕ್ ಮುಚ್ಚಳ. ಒಂದೂ ಬಿಟ್ಟುಹೋಗದ ಹಾಗೆ ಟಾರ್ಚ್ ಹಾಕಿ ಹುಡುಕಿ. ಒಂದು ಸ್ಕ್ರೂ ಉಳಿದಿದ್ದರೂ ಎಳೆಯುವಾಗ ಪ್ಯಾಡ್ ಸೀಳುತ್ತದೆ. ಸುತ್ತಲಿನ ಕ್ಲಿಪ್‌ಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿದೆವು. ಸ್ಕ್ರೂಡ್ರೈವರ್ ಬಳಸುವುದಾದರೆ ತುದಿಗೆ ಬಟ್ಟೆ ಸುತ್ತಿ, ಕ್ಲಿಪ್ ಇರುವ ಜಾಗಕ್ಕೇ ಹತ್ತಿರ ಹಾಕಿ. ಎಲ್ಲ ಕ್ಲಿಪ್ ಬಿಟ್ಟ ಮೇಲೆ ಪ್ಯಾಡನ್ನು ನಮ್ಮ ಕಡೆ ಎಳೆಯಬಾರದು, ಮೇಲಕ್ಕೆ ಎತ್ತಬೇಕು. ಗ್ಲಾಸ್ ಪಕ್ಕದ ಅಂಚಿಗೆ ಅದು ನೇತುಹಾಕಿದ ಹಾಗೆ ಕೂತಿರುತ್ತದೆ. ಸ್ವಿಚ್ ಕನೆಕ್ಟರ್, ಹ್ಯಾಂಡಲ್ ಕೊಂಡಿ ಬಿಡಿಸಿದರೆ ಪ್ಯಾಡ್ ಕೈಗೆ ಬರುತ್ತದೆ. ಬೆಳಗಿನ ಬಿಸಿಲಲ್ಲಿ ಗಾಡಿ ನಿಲ್ಲಿಸಿದ್ದು ಒಳ್ಳೆಯದಾಯ್ತು, ಬೆಚ್ಚಗಿದ್ದಾಗ ಹಳೆ ಪ್ಲಾಸ್ಟಿಕ್ ಅಷ್ಟು ಬೇಗ ಮುರಿಯಲ್ಲ. ಕ್ಲಿಪ್ ಮಾತ್ರ ಕೆಲವು ಮುರಿದವು. ಹೊಸ ಕ್ಲಿಪ್ ಮೊದಲೇ ತಂದಿಟ್ಟುಕೊಳ್ಳಿ.

ಆಮೇಲೆ ಕಪ್ಪು ಅಂಟಿನ ಪ್ಲಾಸ್ಟಿಕ್ ಹಾಳೆ. ನಿಧಾನಕ್ಕೆ, ಹರಿಯದ ಹಾಗೆ ತೆಗೆಯಿರಿ. ಅಂಟು ಎಳೆ ಎಳೆಯಾಗಿ ಬರುವಾಗ ಬ್ಲೇಡ್ ಆಡಿಸುತ್ತಾ ಬಿಡಿಸಿದೆವು.

ಗ್ಲಾಸನ್ನು ಕೈಯಲ್ಲಿ ಮೇಲಕ್ಕೆ ಎತ್ತಿ, ಅಗಲದ ಟೇಪನ್ನು ಒಳಗಿನಿಂದ ಫ್ರೇಮ್ ದಾಟಿಸಿ ಹೊರಗಿನವರೆಗೆ ಅಂಟಿಸಿದೆವು. ತಮ್ಮ ಹಿಡಿದೇ ಇದ್ದ, ಟೇಪ್ ಒಂದನ್ನೇ ನಂಬಲಿಲ್ಲ. ಗ್ಲಾಸಿನ ಬೋಲ್ಟ್, ರೆಗ್ಯುಲೇಟರ್ ಬೋಲ್ಟ್ ಎಲ್ಲ 10 ಎಂಎಂ ಸಾಕೆಟ್‌ಗೆ ಬಂದವು. ರೆಗ್ಯುಲೇಟರಿನ ಬೋಲ್ಟ್‌ಗಳಲ್ಲಿ ಒಂದು ತಾತ್ಕಾಲಿಕ ಕೊಂಡಿ ಇದ್ದ ಹಾಗೆ. ಅದನ್ನು ಪೂರ್ತಿ ತೆಗೆಯದೆ ಸಡಿಲ ಮಾಡಿದರೆ ಸಾಕು, ರೆಗ್ಯುಲೇಟರ್ ಅದರ ಮೇಲೆ ನೇತಾಡಿಕೊಂಡಿರುತ್ತದೆ, ಎತ್ತಿದರೆ ಕಳಚುತ್ತದೆ. ಹೊಸದನ್ನು ಕೂರಿಸುವಾಗ ಈ ಬೋಲ್ಟ್ ತುಂಬಾ ಉಪಕಾರಿ, ಒಂದು ಕೈ ಖಾಲಿ ಸಿಗುತ್ತದೆ. ರೆಗ್ಯುಲೇಟರಿನ ಕೈಗಳನ್ನು ಮಡಚಿಕೊಂಡು ಡೋರ್‌ನ ದೊಡ್ಡ ತೂತಿನಿಂದ ಓರೆಯಾಗಿ ಹೊರತೆಗೆದೆವು. ತಗಡಿನ ಅಂಚು ಚಾಕು ಇದ್ದ ಹಾಗೆ ಇರುತ್ತದೆ, ಗ್ಲೌಸ್ ಇಲ್ಲದೆ ಕೈ ಹಾಕಬೇಡಿ.

ರೆಗ್ಯುಲೇಟರ್ ಇಲ್ಲದಿರುವಾಗಲೇ ಹೊಸ ರಬ್ಬರ್ ಕೂರಿಸಿ, ಗ್ಲಾಸನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಓಡಿಸಿದೆವು. ಎರಡು ಬೆರಳ ಬಲಕ್ಕೆ ಏರಿತು. ಹಳೆ ರಬ್ಬರಿನಲ್ಲಿ ಅದೇ ಗ್ಲಾಸ್ ಎರಡು ಕೈಯಲ್ಲಿ ತಳ್ಳಿದರೂ ಮುಂದಿನ ಮೂಲೆಯಲ್ಲಿ ಹಿಡಿಯುತ್ತಿತ್ತು. ದಾವಣಗೆರೆಯವರೇ, ಇದೊಂದು ಪರೀಕ್ಷೆ ಮಾಡದೆ ಹೊಸ ರೆಗ್ಯುಲೇಟರ್ ಕೂರಿಸಬೇಡಿ.

ಒಂದು ಪ್ರಶ್ನೆ ಉಳಿದಿದೆ. ಎಲ್ಲ ಬಿಗಿದ ಮೇಲೆ ಗ್ಲಾಸ್ ಮೇಲೆ ಹೋದಾಗ ಮುಂದಿನ ಮೂಲೆಯಲ್ಲಿ ಕೂದಲೆಳೆಯಷ್ಟು ಸಂದು ಕಾಣುತ್ತದೆ.

ಗ್ಯಾರೇಜ್ ಮನೆಮಗಳು (ತುಮಕೂರು)

ಅದು ಸರಿಹೋಗುತ್ತದೆ. ಕತ್ತರಿಯ ಎರಡನೇ ಕೈಯ ರೋಲರ್ ಓಡುವ ಪಟ್ಟಿಯೊಂದು ಡೋರಿಗೇ ಬೋಲ್ಟ್ ಆಗಿರುತ್ತದೆ. ಗ್ಲಾಸ್ ನೇರವಾಗಿ ನಿಲ್ಲುವುದು ಆ ಪಟ್ಟಿಯ ಮೇಲೆ. ಅದರ ಬೋಲ್ಟ್‌ಗಳನ್ನು ಸ್ವಲ್ಪ ಸಡಿಲಿಸಿ, ಗ್ಲಾಸ್ ಪೂರ್ತಿ ಮೇಲೆ ಕಳಿಸಿ, ಗ್ಲಾಸಿನ ಮೇಲಂಚು ಫ್ರೇಮ್ ರಬ್ಬರಿನೊಳಗೆ ಸಮವಾಗಿ ಕೂರುವ ಹಾಗೆ ಪಟ್ಟಿಯನ್ನು ಓರೆ ಮಾಡಿ ಬಿಗಿಯಿರಿ. ಆಮೇಲೆ ಗ್ಲಾಸನ್ನು ಅರ್ಧಕ್ಕೆ ಇಳಿಸಿ ಮತ್ತೆ ಏರಿಸಿ ನೋಡಿ. ಕೆಳಗೂ ಮೇಲೂ ಅಂಚು ಸಮ ಇದ್ದರೆ ಮುಗಿಯಿತು. ಸಮ ಆಗುವವರೆಗೆ ಪ್ಯಾಡ್ ಹಾಕಬೇಡಿ.

ಕಡಲತಡಿ (ಮಂಗಳೂರು)

ಮಾರಾಯ್ರೆ, ಆ ಪ್ಲಾಸ್ಟಿಕ್ ಹಾಳೆಯ ವಿಷಯ ಇನ್ನೊಂದು ಸಲ ಹೇಳುತ್ತೇನೆ. ಮಳೆ ಜಾಸ್ತಿ ಇರುವ ಊರಿನವರಿಗೆ ರೆಗ್ಯುಲೇಟರ್‌ನಷ್ಟೇ ಮುಖ್ಯ ಅದು. ಗ್ಲಾಸಿನ ಮೇಲೆ ಬಿದ್ದ ನೀರು ಡೋರ್ ಒಳಗೆ ಇಳಿಯುವುದು ಸಹಜ, ಗಾಡಿಯನ್ನು ಮಾಡಿರುವುದೇ ಹಾಗೆ. ಆ ನೀರನ್ನು ಕ್ಯಾಬಿನ್ ಕಡೆ ಬಿಡದೆ ತಳಕ್ಕೆ ಇಳಿಸುವುದು ಆ ಹಾಳೆ. ತಳದ ಸಣ್ಣ ತೂತುಗಳಿಂದ ನೀರು ಹೊರಗೆ ಹೋಗುತ್ತದೆ. ಎಷ್ಟೋ ಕಡೆ ಹಾಳೆ ಹರಿದು ಬಿಸಾಕಿ ಪ್ಯಾಡ್ ಹಾಕಿ ಕಳಿಸುತ್ತಾರೆ. ಮೊದಲ ಮಳೆಗೆ ಕಾಲಡಿ ಮ್ಯಾಟ್ ಒದ್ದೆ, ಆಮೇಲೆ ಪ್ಯಾಡಿನ ರಟ್ಟು ಉಬ್ಬುತ್ತದೆ, ವಾಸನೆ ಶುರು. ಹಳೆ ಅಂಟು ಹಿಡಿಯದಿದ್ದರೆ ಹೊಸ ಬ್ಯುಟೈಲ್ ಟೇಪ್ (ನೀರು ತಡೆಯುವ ರಬ್ಬರಿನಂಥ ಅಂಟು ಟೇಪ್) ಹಾಕಿ. ಹಾಳೆಯ ತಳದ ಅಂಚು ಡೋರಿನ ಒಳಗೆ ಹೋಗಿರಬೇಕು, ಹೊರಗೆ ಅಲ್ಲ.

ಡೋರ್ ಬಿಚ್ಚಿದಾಗಲೇ ತಳದ ತೂತುಗಳಿಗೆ ತಂತಿ ಆಡಿಸಿ. ಮಣ್ಣು, ಎಲೆ ಕಟ್ಟಿಕೊಂಡಿದ್ದರೆ ನೀರು ನಿಂತು ಒಳಗಿನಿಂದ ತುಕ್ಕು ಹಿಡಿಯುತ್ತದೆ. ನಮ್ಮ ಕಡೆಯ ಉಪ್ಪುಗಾಳಿಗೆ ಕೇಳುವುದೇ ಬೇಡ.

ಬಸವನಗುಡಿ ಡ್ರೈವರ್

ನನ್ನ ಗಾಡಿಯಲ್ಲಿ ಡ್ರೈವರ್ ಡೋರ್‌ನ ಸ್ವಿಚ್ ಗಟ್ಟಿಯಾಗಿದೆ, ಒಂದು ಸಲ ಒತ್ತಿದರೆ ಅಂಟಿಕೊಳ್ಳುತ್ತೆ. ಸ್ಪ್ರೇ ಹೊಡೆದರೆ ಸಾಕು ಅಂತ ಕೆಲವರು ಹೇಳ್ತಾರೆ. ಹೊಡೆಯಲಾ?

ವೈರಿಂಗ್ ರಾಯರು (ಹುಬ್ಬಳ್ಳಿ)

ದಯವಿಟ್ಟು ಬೇಡ. 2012ರ ಅಕ್ಟೋಬರ್‌ನಲ್ಲಿ ಟೊಯೋಟಾ ಪ್ರಪಂಚದ ಎಲ್ಲೆಡೆಯಿಂದ ಸುಮಾರು 74 ಲಕ್ಷ ಗಾಡಿಗಳನ್ನು ಇದೇ ಡ್ರೈವರ್ ಪಕ್ಕದ ಮೇನ್ ಸ್ವಿಚ್‌ಗೋಸ್ಕರ ವಾಪಸ್ ಕರೆದಿತ್ತು. ಕೊರೊಲಾ, ಕ್ಯಾಮ್ರಿ, ಯಾರಿಸ್ ಎಲ್ಲ ಇದ್ದವು. ಸ್ವಿಚ್ ಒಳಗಿನ ಗ್ರೀಸ್ ಸಮವಾಗಿ ಹಚ್ಚಿರಲಿಲ್ಲ, ಹಾಗಾಗಿ ಸ್ವಿಚ್ ತಡೆತಡೆದು ಅಂಟುತ್ತಿತ್ತು. ಅಂಗಡಿಯಲ್ಲಿ ಸಿಗುವ ಎಣ್ಣೆ, ಸ್ಪ್ರೇ ಹಾಕಿದರೆ ಸ್ವಿಚ್ ಕರಗಿ ಹೊಗೆ ಬರಬಹುದು ಎಂದು ಆಗಲೇ ಎಚ್ಚರಿಸಿದ್ದರು. ನಿಮ್ಮ ಗಾಡಿ ಆ ಪಟ್ಟಿಯಲ್ಲಿ ಇತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಸ್ವಿಚ್ ಒಳಗೆ ಎಷ್ಟು ಕರೆಂಟ್ ಹಾದುಹೋಗುತ್ತದೆ, ಸಿಕ್ಕಿದ್ದನ್ನು ಸಿಂಪಡಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ. ಅಂಟುವ ಸ್ವಿಚ್ ಇದ್ದರೆ ಬದಲಿಸಿ.

ಮೋಟಾರಿಗೆ ಕರೆಂಟ್ ಬರುತ್ತಿದೆಯಾ ಎಂದು ನೋಡುವವರಿಗೆ: ಸಾಮಾನ್ಯ ಮೋಟಾರಿಗೆ ಎರಡು ವೈರ್. ಕನೆಕ್ಟರಿನಲ್ಲಿ ಮೀಟರ್ ಇಟ್ಟು ಮೇಲೆ ಒತ್ತಿದಾಗ 12 ವೋಲ್ಟ್ ತೋರಿಸಬೇಕು, ಕೆಳಗೆ ಒತ್ತಿದಾಗ ಅದೇ ವೋಲ್ಟ್ ಮೈನಸ್ ಆಗಿ ಬರಬೇಕು. ಒಂದು ಕಡೆ ಬಂದು ಇನ್ನೊಂದು ಕಡೆ ಬರದಿದ್ದರೆ ಮೊದಲು ಸ್ವಿಚ್ ನೋಡಿ.

ಕೋಲಾರ ಟೂರ್ಸ್

ರಾಯರೇ, ನನ್ನದೂ ಒಂದು. ಇನ್ನೊಂದು ಗಾಡಿಯಲ್ಲಿ ಡ್ರೈವರ್ ಕಡೆ ಮೋಟಾರ್ ಬದಲಿಸಿದ ಮೇಲೆ ಆಟೋ ಕೆಲಸ ಮಾಡುತ್ತಿಲ್ಲ. ಒಂದು ಸಲ ಎಳೆದರೆ ತಾನೇ ಪೂರ್ತಿ ಏರುತ್ತಿತ್ತು. ಈಗ ಹಿಡಿದುಕೊಂಡೇ ಇರಬೇಕು, ಸ್ವಿಚ್ ಲೈಟ್ ಬೇರೆ ಮಿನುಗುತ್ತದೆ. ಹೊಸ ಮೋಟಾರೂ ಹಾಳಾ?

ವೈರಿಂಗ್ ರಾಯರು (ಹುಬ್ಬಳ್ಳಿ)

ಹಾಳಲ್ಲ. ಆಟೋ ಇರುವ ಮೋಟಾರಿಗೆ ಗ್ಲಾಸ್ ಎಲ್ಲಿ ಮುಗಿಯುತ್ತದೆ ಅನ್ನೋದನ್ನು ಹೊಸದಾಗಿ ಕಲಿಸಬೇಕು. ಸಾಮಾನ್ಯವಾಗಿ ಕೀ ಆನ್ ಮಾಡಿ, ಸ್ವಿಚ್ ಹಿಡಿದು ಗ್ಲಾಸ್ ಪೂರ್ತಿ ಏರಿಸಿ, ಏರಿದ ಮೇಲೂ ಒಂದೆರಡು ಸೆಕೆಂಡ್ ಸ್ವಿಚ್ ಬಿಡದೆ ಹಿಡಿದರೆ ಲೈಟ್ ಮಿನುಗುವುದು ನಿಲ್ಲುತ್ತದೆ. ಗಾಡಿಯ ಮಾಲೀಕರ ಪುಸ್ತಕದಲ್ಲಿ ನಿಮ್ಮ ಮಾಡೆಲ್‌ನ ಕ್ರಮ ಇದ್ದರೆ ಅದನ್ನೇ ಮಾಡಿ. ತೀರ್ಥಹಳ್ಳಿಯವರ ಎಡ ಡೋರ್‌ಗೆ ಆಟೋ ಇಲ್ಲದಿದ್ದರೆ ಅವರಿಗೆ ಇದು ಬೇಡ.

ಕಲಿಸಿದ ಮೇಲೆ, ನಡುವೆ ಏನಾದರೂ ಸಿಕ್ಕಿದರೆ ಗ್ಲಾಸ್ ಹಿಂದಕ್ಕೆ ಇಳಿಯುತ್ತದೆಯಾ ಎಂದು ನೋಡುವವರು ಕೈ ಇಟ್ಟು ನೋಡಬೇಡಿ. ಪೇಪರ್ ದಪ್ಪಗೆ ಸುತ್ತಿ ಇಡಿ. ಆಟೋ ಇಲ್ಲದ ಹಳೆ ಡೋರ್‌ಗಳಲ್ಲಿ ಆ ರಕ್ಷಣೆ ಇರುತ್ತದೆ ಎಂದು ನಂಬಿ ಕೂರಬೇಡಿ. ಹೊಸ ರಬ್ಬರ್, ಹೊಸ ರೆಗ್ಯುಲೇಟರ್ ಹಾಕಿದ ಗ್ಲಾಸ್ ಮೊದಲಿಗಿಂತ ಬೇಗ ಏರುತ್ತದೆ. ಮಕ್ಕಳನ್ನು ಕೂರಿಸಿಕೊಂಡು ಹೋಗುವಾಗ ವಿಂಡೋ ಲಾಕ್ ಬಟನ್ ಒತ್ತಿಯೇ ಹೊರಡಿ.